ಹಳೆಯ ರೇಸ್ ಸೈಕಲ್: ಬಣ್ಣ ಬಳಿಯುವ ಮುಂಚೆ ಅಳತೆ ತೆಗೆಯಿರಿ

ಪ್ರಶ್ನೆ: ನಾವು ಕೊಂಡ ಮನೆಯ ಗ್ಯಾರೇಜಿನಲ್ಲಿ ಹಳೆಯ ರ‍್ಯಾಲೆ ರೇಸ್ ಸೈಕಲ್ ಸಿಕ್ಕಿತು. ಫ್ರೇಮಿನ ಮೇಲೆ ‘ರೆನಾಲ್ಡ್ಸ್ 531’ ಸ್ಟಿಕರ್ ಇದೆ, ಹಿಂದಿನ ಗೇರ್ ಕಂಪಾನ್ಯೋಲೊ. ಒಬ್ಬರು 50 ಪೌಂಡ್ ಎನ್ನುತ್ತಾರೆ, ಇನ್ನೊಬ್ಬರು 500. ಯಾರ ಮಾತು ನಂಬಲಿ?
— ನಾಟಿಂಗ್‌ಹ್ಯಾಮಿನ ಓದುಗರು

ಉತ್ತರ: ಸದ್ಯಕ್ಕೆ ಇಬ್ಬರದನ್ನೂ ನಂಬಬೇಡಿ. ಮೊದಲು ಆ ಸ್ಟಿಕರನ್ನು ಪೂರ್ತಿ ಓದಿ. 531 ಎಂಬುದು ರೆನಾಲ್ಡ್ಸ್ ಕಂಪನಿ 1935ರಲ್ಲಿ ತಂದ ಮ್ಯಾಂಗನೀಸ್–ಮಾಲಿಬ್ಡಿನಮ್ ಉಕ್ಕಿನ ಕೊಳವೆ. ಸ್ಟಿಕರಿನಲ್ಲಿ ಫೋರ್ಕ್ ಮತ್ತು ಹಿಂದಿನ ಕವಲುಗಳ ಹೆಸರೂ ಇದ್ದು, ‘ಬಟೆಡ್’ (ತುದಿಗಳಲ್ಲಿ ದಪ್ಪ, ನಡುವೆ ತೆಳು) ಎಂದಿದ್ದರೆ ಅದು ಮೇಲ್ದರ್ಜೆಯದು. ಮೂರು ಮುಖ್ಯ ಕೊಳವೆಗಳು ಮಾತ್ರ ಎಂದಿದ್ದರೆ ಉಳಿದವು ಸಾಧಾರಣ ಉಕ್ಕಿನವು, ಬೆಲೆಯೂ ಇಳಿಯುತ್ತದೆ. ಹೊಸದಾಗಿ ಅಚ್ಚು ಹಾಕಿದ 531 ಸ್ಟಿಕರ್‌ಗಳು ಸಲೀಸಾಗಿ ಸಿಗುವುದರಿಂದ ಸೀಟಿನ ಕಂಬವನ್ನು ಹೊರಗೆಳೆದು ವ್ಯಾಸ ಅಳೆಯಿರಿ. 27.2 ಮಿ.ಮೀ. ಬಂದರೆ ಸ್ಟಿಕರಿನ ಮಾತಿಗೆ ಬಲವಾದ ಸಾಕ್ಷಿ ಸಿಕ್ಕಂತೆ. 26.4 ಅಥವಾ ಅದಕ್ಕಿಂತ ಸಣ್ಣದಿದ್ದರೆ ಇಂಗ್ಲಿಷ್ ಫ್ರೇಮಿನಲ್ಲಿ ಅನುಮಾನ ಪಡಬೇಕು.

ಗೇರ್ ಕಂಪಾನ್ಯೋಲೊ ನುವೊವೊ ರೆಕಾರ್ಡ್ ಮಾದರಿಯದಾಗಿದ್ದರೆ ಅದರ ಮೇಲೆ ‘ಪೇಟೆಂಟ್ 76’ ಎಂಬಂತೆ ಎರಡಂಕಿಯ ಇಸವಿ ಕೊರೆದಿರಬಹುದು. ಫ್ರೇಮಿನ ವರ್ಷಕ್ಕೂ ಬಿಡಿಭಾಗಗಳ ವರ್ಷಕ್ಕೂ ಒಂದೆರಡು ವರ್ಷದೊಳಗೆ ತಾಳೆಯಾದರೆ ಸೈಕಲ್ ಮೂಲರೂಪದಲ್ಲಿದೆ ಎನ್ನಲು ಆಧಾರವಿದೆ. ಸಂಗ್ರಾಹಕರು ಹಣ ಕೊಡುವುದು ಇದಕ್ಕೇ. 1970ರ ದಶಕದ ನಡುವಿನಿಂದ ರ‍್ಯಾಲೆಯ ಫ್ರೇಮ್ ನಂಬರಿನ ಮೊದಲ ಅಕ್ಷರ ಕಾರ್ಖಾನೆಯನ್ನು ಹೇಳುತ್ತದೆ: ‘ಎನ್’ ಎಂದರೆ ನಿಮ್ಮೂರು, ‘ಡಬ್ಲ್ಯು’ ಎಂದರೆ ಒಳ್ಳೊಳ್ಳೆಯ ರೇಸ್ ಸೈಕಲ್ ಕಟ್ಟಿದ ವರ್ಕ್‌ಸಾಪ್ ಎಂಬ ಊರು.

ಮುಂದೆ ಫ್ರೇಮ್ ನೆಟ್ಟಗಿದೆಯೇ ನೋಡಿ. ಹ್ಯಾಂಡಲ್ ಕೂರುವ ಕೊಳವೆಯ ಹಿಂದೆ, ಕೆಳಗಿಳಿಯುವ ಕೊಳವೆಯ ಅಡಿಭಾಗದಲ್ಲಿ ಬೆರಳು ಸವರಿ. ಸಣ್ಣ ಅಲೆ ತಗುಲಿದರೂ ಎದುರಿನಿಂದ ಗುದ್ದಿದ ಸೈಕಲ್ ಅದು. ಹಿಂಚಕ್ರ ತೆಗೆದು, ಚಕ್ರ ಕೂರುವ ಒಂದು ಕಡೆಯಿಂದ ದಾರ ಹಿಡಿದು ಮುಂಭಾಗ ಸುತ್ತಿಸಿ ಇನ್ನೊಂದು ಕಡೆಗೆ ಬಿಗಿಯಾಗಿ ಕಟ್ಟಿ. ಸೀಟಿನ ಕೊಳವೆಗೂ ದಾರಕ್ಕೂ ಇರುವ ಅಂತರ ಎರಡು ಬದಿಯಲ್ಲೂ ಒಂದೇ ಇರಬೇಕು. ವ್ಯತ್ಯಾಸ 2 ಮಿ.ಮೀ. ದಾಟಿದರೆ ಹಾಗೆಂದು ಜಾಹೀರಾತಿನಲ್ಲೇ ಬರೆಯಿರಿ.

ಬೆಲೆಗೆ ಬರೋಣ. ಮಾರುವವರು ಕೇಳುತ್ತಿರುವ ದರ ನೋಡಿ ಪ್ರಯೋಜನವಿಲ್ಲ. ಇಬೇಯಲ್ಲಿ ‘ಮಾರಾಟವಾದವು’ ಎಂಬುದನ್ನು ಒತ್ತಿ, ಅದೇ ಕೊಳವೆ, ಅದೇ ದರ್ಜೆಯ ಬಿಡಿಭಾಗ, ಹತ್ತಿರದ ಅಳತೆ ಇರುವ ಏಳೆಂಟನ್ನು ಗುರುತು ಹಾಕಿಕೊಳ್ಳಿ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ನಡುವಿನ ಬೆಲೆ ಹಿಡಿಯಿರಿ. ಅದರಿಂದ ಟೈರ್, ಕೇಬಲ್, ಬ್ರೇಕ್ ರಬ್ಬರ್, ಚೈನಿನ ಖರ್ಚು ಕಳೆಯಿರಿ. ಕೊಳ್ಳುವವನೂ ಇದೇ ಲೆಕ್ಕ ಹಾಕುತ್ತಾನೆ. ಚೈನಿನ 24 ಕೊಂಡಿಗಳ (ಒಂದು ಪಿನ್ನಿನಿಂದ 25ನೆಯ ಪಿನ್ನಿನವರೆಗೆ) ಉದ್ದ 304.8 ಮಿ.ಮೀ. ಇರಬೇಕು, 306.4 ದಾಟಿದರೆ ಸವೆದಿದೆ. ಇಟಲಿಯ ಗಾಯೊಲೆಯಲ್ಲಿ 1997ರಲ್ಲಿ ಶುರುವಾದ, ಹಳೆಯ ಸೈಕಲ್ಲುಗಳ ಲೆರೋಯಿಕಾ ಸವಾರಿಗೆ ಹೋಗುವವರಿಗೆ ಗೇರ್ ಕಡ್ಡಿ ಕೆಳಕೊಳವೆಯ ಮೇಲಿರಬೇಕು, ಬ್ರೇಕ್ ಕೇಬಲ್ ಹ್ಯಾಂಡಲಿನ ಹೊರಗೇ ಹಾದಿರಬೇಕು. ನಿಮ್ಮದರಲ್ಲಿ ಹಾಗಿದ್ದರೆ ಅದರ ಫೋಟೊ ಮುಂದೆ ಹಾಕಿ.

ಬಿಡಿಬಿಡಿಯಾಗಿ ಮಾರಿದರೆ ಕೆಲವೊಮ್ಮೆ ಹೆಚ್ಚು ಹಣ ಬರುತ್ತದೆ, ನಿಜ. ಆದರೂ ಫ್ರೇಮ್ ಸೊಟ್ಟಗಿಲ್ಲದ, ಮೂಲರೂಪದಲ್ಲೇ ಉಳಿದ ಸೈಕಲ್ಲನ್ನು ಬಿಚ್ಚಬೇಡಿ ಎಂಬುದು ನಮ್ಮ ಕಳಕಳಿಯ ಮಾತು. ಒಮ್ಮೆ ಚದುರಿದ್ದು ಮತ್ತೆ ಕೂಡುವುದಿಲ್ಲ.

ಪ್ರಶ್ನೆ: ತಂದೆಯವರ ಪೂಜೊ ಸೈಕಲ್ ಮಾರಬೇಕು. ಸೀಟಿನ ಕಂಬ ಕಚ್ಚಿಕೊಂಡಿದೆ, ಅಲ್ಲಲ್ಲಿ ತುಕ್ಕು. ಹೊಸ ಬಣ್ಣ ಹೊಡೆಸಿ, ಟೈರ್ ಬದಲಿಸಿ ಮಾರಿದರೆ ಒಳ್ಳೆಯದಲ್ಲವೇ?
— ಬೆಂಗಳೂರಿನ ಓದುಗರು

ಉತ್ತರ: ಬಣ್ಣ ಬೇಡವೇ ಬೇಡ. ಕಾರ್ಖಾನೆಯ ಬಣ್ಣ, ಸ್ಟಿಕರ್ ಹೋದರೆ ಬೆಲೆಯೂ ಹೋಗುತ್ತದೆ. ಕ್ರೋಮಿನ ಮೇಲಿನ ತುಕ್ಕನ್ನು ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಉಂಡೆ ಮಾಡಿ, ನೀರು ಹಚ್ಚಿ ಉಜ್ಜಿದರೆ ಬಹುಪಾಲು ಹೋಗುತ್ತದೆ. ಬಣ್ಣಕ್ಕೆ ಸೋಪಿನ ನೀರು, ಮೇಲೆ ವ್ಯಾಕ್ಸ್, ಅಷ್ಟೇ.

ಉಕ್ಕಿನೊಳಗೆ ಅಲ್ಯೂಮಿನಿಯಂ ಕಂಬ ವರ್ಷಗಟ್ಟಲೆ ತೇವದಲ್ಲಿ ಕೂತರೆ ಅದರ ಮೇಲೆ ಪುಡಿ ಬೆಳೆದು ಕಚ್ಚಿಕೊಳ್ಳುತ್ತದೆ. ಬೋಲ್ಟನ್ನು ಪೂರ್ತಿ ತೆಗೆದು, ತುಕ್ಕುಬಿಡಿಸುವ ಎಣ್ಣೆಯನ್ನು ಮೇಲಿನಿಂದ ಬಿಟ್ಟು ಮೂರ್ನಾಲ್ಕು ದಿನ ಕಾಯಿರಿ. ಆಮೇಲೆ ಕಂಬಕ್ಕೆ ಐಸ್ ಒತ್ತಿ ಹಿಡಿದು, ಹಳೆಯ ಸೀಟಿನಿಂದಲೇ ತಿರುಗಿಸಿ. ತಣ್ಣಗಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಕುಗ್ಗುತ್ತದೆ. ಬೆಂಕಿ ಕೊಡಬೇಡಿ: ಬಣ್ಣ ಸುಡುತ್ತದೆ, ಕಂಬ ಹಿಗ್ಗಿ ಇನ್ನಷ್ಟು ಬಿಗಿಯುತ್ತದೆ.

ಕ್ರ್ಯಾಂಕ್ (ಪೆಡಲ್ ಕೂರುವ ಕೈ) ಸ್ಟ್ರಾಂಗ್‌ಲೈಟ್ ಕಂಪನಿಯದಾಗಿದ್ದರೆ, ಅದನ್ನು ಕೀಳಲು ಮಾಮೂಲಿ 22 ಮಿ.ಮೀ. ಪುಲ್ಲರ್ ಹಾಕಿಸಬೇಡಿ. ಹಳೆಯ ಸ್ಟ್ರಾಂಗ್‌ಲೈಟಿನ ಮರೆ (ಥ್ರೆಡ್) 23.35 ಮಿ.ಮೀ.; ತಪ್ಪು ಹತಾರ ತಿರುಗಿಸಿದರೆ ಅದು ಕಿತ್ತುಬರುತ್ತದೆ. ಟೈರಿನ ಅಳತೆಯೂ ಮೋಸ ಮಾಡುತ್ತದೆ. 27 ಇಂಚಿನ ರಿಮ್ಮಿನ ವ್ಯಾಸ 630 ಮಿ.ಮೀ., 700ಸಿ ಆದರೆ 622, ನಮ್ಮ ಊರಿನ ದೊಡ್ಡ ಸೈಕಲ್ಲಿನ 28×1½ ಟೈರು 635. ಆ 28ರ ಟೈರನ್ನು 27ರ ರಿಮ್ಮಿಗೆ ಹಾಕಿದರೆ ಗಾಳಿ ತುಂಬುವಾಗಲೇ ಕಳಚಿ ಸಿಡಿಯುತ್ತದೆ. ಸರಿಯಾದದ್ದು ಸಿಗದಿದ್ದರೆ ಹಳೆಯ ಟೈರಿನಲ್ಲೇ, ಅದನ್ನು ಹೇಳಿ ಮಾರಿ.

ಪಾರ್ಸೆಲ್ ಮಾಡುವಾಗ ಚಕ್ರ ತೆಗೆದ ಜಾಗಗಳಲ್ಲಿ ಮರದ ತುಂಡು ಕೂರಿಸಿ: ಮುಂದೆ 100 ಮಿ.ಮೀ., ಹಿಂದೆ ಅಳೆದಷ್ಟು. ಇಲ್ಲದಿದ್ದರೆ ದಾರಿಯಲ್ಲಿ ಫ್ರೇಮ್ ಅದುಮಿಹೋಗುತ್ತದೆ. ಎಡ ಪೆಡಲ್ ಬಿಚ್ಚುವುದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ.

ಪ್ರಶ್ನೆ: ನಮ್ಮ ಹಳೆಯ ಆರು ಗೇರಿನ ರೇಸ್ ಸೈಕಲ್ಲಿಗೆ ಹೊಸ ಚಕ್ರ ಕೂರುವಂತೆ ಹಿಂಭಾಗ ಅಗಲಿಸಿಕೊಡಿ ಎಂದು ಕೊಳ್ಳುವ ಹುಡುಗ ಕೇಳುತ್ತಿದ್ದಾನೆ. ಮಾಡಿಸಲೇ?
— ವಿಜಯಪುರದ ಓದುಗರು

ಉತ್ತರ: ದುಡ್ಡು ಕೈಗೆ ಬರುವ ತನಕ ಬೇಡ. ನಿಮ್ಮದು 126 ಮಿ.ಮೀ. ಇರಬಹುದು, ಹೊಸ ಚಕ್ರಕ್ಕೆ 130 ಬೇಕು. ಉಕ್ಕಿನ ಫ್ರೇಮನ್ನು ಬದಿಗೆ 2 ಮಿ.ಮೀ.ಯಂತೆ ಅಗಲಿಸಬಹುದು, ಆದರೆ ಎರಡೂ ಕಡೆ ಸಮವಾಗಿ, ಗೇರ್ ತೂಗುವ ಕೊಕ್ಕೆಯನ್ನೂ ನೇರ ಮಾಡಿ. ಅವನು ಮನಸ್ಸು ಬದಲಿಸಿದರೆ ಮೂಲರೂಪ ಬೇಕೆನ್ನುವ ಗಿರಾಕಿಯನ್ನೂ ನೀವು ಕಳೆದುಕೊಳ್ಳುತ್ತೀರಿ. ಹುಡುಗ ಅದರಲ್ಲಿ ಅಭ್ಯಾಸ ಮಾಡುವವನಾದರೆ ಒಂದು ಕೆಲಸ ಮಾತ್ರ ತಪ್ಪಿಸಬೇಡಿ: ಕ್ರ್ಯಾಂಕಿನ ಕೈಗಳು ಕೂಡುವ ಮೂಲೆ, ಹ್ಯಾಂಡಲ್ ಹಿಡಿದಿರುವ ಸ್ಟೆಮ್ಮಿನ ಕತ್ತು, ಎರಡನ್ನೂ ಒರೆಸಿ ಬಿಸಿಲಲ್ಲಿ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಆ ಭಾಗ ಬದಲಿಸದೆ ಸೈಕಲ್ ಕೊಡಬೇಡಿ.