ಡಿಸ್ಕ್ ಜಾರಿದ ನಾಯಿ ನಡೆಯತೊಡಗಿದರೆ ಬೋನಿನಿಂದ ಬಿಡಬಹುದೇ?

ಈಗಲೇ ಬಿಡಬಾರದು. ಡ್ಯಾಷ್‌ಹುಂಡ್‌ನಂತಹ ಗಿಡ್ಡ ಕಾಲಿನ ತಳಿಗಳಲ್ಲಿ ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕಿನ ಒಳತಿರುಳು ಹೊರಬಂದು ಬೆನ್ನುಹುರಿಯನ್ನು ಒತ್ತುತ್ತದೆ. ಔಷಧದಿಂದ ನೋವು ತಗ್ಗಿ ನಾಯಿ ಬಾಲವಾಡಿಸುತ್ತ ಎದ್ದು ನಿಂತರೂ, ಡಿಸ್ಕಿನ ಹೊರಪದರದ ಬಿರುಕು ಮಾಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕಾಗುವುದರಿಂದ, ಅಷ್ಟರೊಳಗೆ ಸೋಫಾದಿಂದ ಹಾರಿದ ಒಂದೇ ನೆಗೆತ ಹಿಂಗಾಲುಗಳ ಸ್ವಾಧೀನವನ್ನೇ ತಪ್ಪಿಸಬಲ್ಲದು. ಹುಷಾರಾದಂತೆ ಕಾಣುವ ಈ ದಿನಗಳೇ, ನನ್ನ ಮಟ್ಟಿಗೆ, ಹೆಚ್ಚು ಅಪಾಯದವು. ಮೂತ್ರಕ್ಕೆ ಹೊರಗೆ ಕರೆದೊಯ್ಯುವಾಗ ಕೊರಳಪಟ್ಟಿಯ ಬದಲು ಎದೆಪಟ್ಟಿ ಹಾಕಿ, ಉದ್ದಕ್ಕೆ ಮಡಚಿದ ಟವೆಲನ್ನು ಹೊಟ್ಟೆಯಡಿ ಜೋಲಿಯಂತೆ ಹಿಡಿದು ಹಿಂಭಾಗದ ಭಾರವನ್ನು ನೀವೇ ಹೊರಬೇಕು. ಜಾರುವ ಟೈಲ್ಸ್ ಮೇಲೆ ಯೋಗಾ ಮ್ಯಾಟ್ ಹಾಸಿರಿ. ಮನೆಯಲ್ಲಿರುವ, ಮನುಷ್ಯರ ನೋವಿಗೆ ಕೊಡುವ ಐಬುಪ್ರೊಫೆನ್ ಮಾತ್ರೆಯನ್ನು ಎಂದೂ ಕೊಡಬೇಡಿ. ಮೂತ್ರ ಕಟ್ಟಿದರೆ, ಅಥವಾ ಹಿಂಗಾಲಿನ ಬೆರಳನ್ನು ಬಲವಾಗಿ ಹಿಂಡಿದರೂ ನಾಯಿ ತಿರುಗಿ ನೋಡದಿದ್ದರೆ, ಬೆಳಗಾಗುವುದನ್ನು ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಿರಿ.