ಕಾಯುವಾಗ ಕೂಲೆಂಟ್ ಬಿಸಿಯಾದರೆ ಮೊದಲು ವಿಮಾನದ ಮೂತಿ ತಿರುಗಿಸಿ

ಹಗುರ ವಿಮಾನದ ರೋಟ್ಯಾಕ್ಸ್ 912 ಎಂಜಿನ್‌ನ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಹಾರುವಾಗ 90 ಡಿಗ್ರಿಯಲ್ಲಿ ತಣ್ಣಗಿರುತ್ತದೆ, ರನ್‌ವೇ ಪಕ್ಕ ಕಾಯುವಾಗ 112ಕ್ಕೆ ಏರುತ್ತದೆ, ಪಂಪ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಹಾರುವಾಗ ಸರಿಯಿದೆ ಅಂದ್ರೆ ಪಂಪ್ ಮೇಲೆ ನನಗೆ ಅಷ್ಟು ಅನುಮಾನವಿಲ್ಲ. ನೆಲದ ಮೇಲೆ ರೇಡಿಯೇಟರ್‌ಗೆ ಗಾಳಿ ಸಾಲುತ್ತಿಲ್ಲ, ಅಷ್ಟೇ.

ನಿಂತಾಗ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿದ್ದೀರಾ? ಹಿಂದಿನಿಂದ ಬಂದರೆ ಕೌಲಿಂಗ್‌ನಿಂದ (ಎಂಜಿನ್ ಹೊದಿಕೆಯಿಂದ) ಹೊರಬಿದ್ದ ಬಿಸಿಗಾಳಿಯೇ ಸುತ್ತಿ ಮತ್ತೆ ರೇಡಿಯೇಟರ್‌ಗೆ ಹೋಗುತ್ತದೆ. ಮೂತಿಯನ್ನು ಗಾಳಿಗೆ ಎದುರಾಗಿ ತಿರುಗಿಸಿ ನಿಲ್ಲಿಸಿ, ಉಷ್ಣತೆಯ ಮುಳ್ಳು ನಿಧಾನಕ್ಕೆ ಇಳಿಯುವುದು ಕಾಣುತ್ತದೆ. ತಣ್ಣಗಾಗಲಿ ಅಂತ ಥ್ರಾಟಲ್ ಏರಿಸುವವರಿದ್ದಾರೆ. ಪ್ರೊಪೆಲ್ಲರ್ ಗಾಳಿ ಸ್ವಲ್ಪ ಜಾಸ್ತಿ ಬರುತ್ತದೆ ನಿಜ, ಆದರೆ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ಬಿಸಿ ಹುಟ್ಟುತ್ತದೆ.

ಚೆಕ್‌ಲಿಸ್ಟ್ ಎಲ್ಲಾ ಮೊದಲೇ ಮುಗಿಸಿ, ಎಂಜಿನ್ ಎಣ್ಣೆ 50 ಡಿಗ್ರಿ ಮುಟ್ಟಿ ಹಾರಲು ಸಿದ್ಧವಾದ ಮೇಲೆ ಸುಮ್ನೆ ಕಾಯಬೇಡಿ. ಸಾಲು ಉದ್ದ ಇದ್ದರೆ ಎಂಜಿನ್ ಆಫ್ ಮಾಡಿ. ಆಫ್ ಮಾಡಿದ ತಕ್ಷಣ ಪಂಪ್ ನಿಲ್ಲುವುದರಿಂದ ಸಿಲಿಂಡರ್ ಹೆಡ್‌ಗಳು (ಸಿಲಿಂಡರ್‌ಗಳ ಮೇಲ್ಭಾಗ) ಇನ್ನೂ ಸ್ವಲ್ಪ ಬಿಸಿಯಾಗುತ್ತವೆ, ಹಾಗಾಗಿ ಮಿತಿ ಮುಟ್ಟುವ ತನಕ ಕಾದು ಆಫ್ ಮಾಡುವುದು ತಡವಾದ ಹಾಗೆ.

ಅರ್ಧ ನೀರು, ಅರ್ಧ ಗ್ಲೈಕಾಲ್ ಮಿಶ್ರಣಕ್ಕೆ ಮಿತಿ 120, ಅದೂ ಕೂಲೆಂಟ್ ತುಂಬುವ ಮುಚ್ಚಳ ಒತ್ತಡ ಹಿಡಿದರೆ ಮಾತ್ರ. ಒತ್ತಡ ಇಲ್ಲದಿದ್ದರೆ 107ರ ಆಸುಪಾಸಿನಲ್ಲೇ ಕುದಿಯುತ್ತದೆ. ಮುಚ್ಚಳದ ರಬ್ಬರ್ ಸೀಲ್ ಹಳತಾಗಿ ಗಡುಸಾಗಿಬಿಟ್ಟಿದೆಯಾ, ಚಳಿಗಾಲಕ್ಕೆ ರೇಡಿಯೇಟರ್‌ಗೆ ಅಂಟಿಸಿದ ಟೇಪ್ ಇನ್ನೂ ಹಾಗೇ ಇದೆಯಾ, ನೋಡಿ. ಬಿಸಿ ಇರುವಾಗ ಮಾತ್ರ ಮುಚ್ಚಳ ತೆಗೆಯಬೇಡಿ!