ಮೂಕಪ್ರಾಣಿಯ ಹಕ್ಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಪ್ರಾಣಿಗಳ ಮೇಲೆ ಕರುಣೆ ತೋರಬೇಕೆಂದು ಇಸ್ಲಾಮ್ ಬೋಧಿಸುತ್ತದೆ ಎಂದು ಕೇಳಿದ್ದೇನೆ. ಆದರೆ ಅದೇ ಧರ್ಮ ಪ್ರಾಣಿಯನ್ನು ಕೊಯ್ದು ತಿನ್ನಲು ಅನುಮತಿಯನ್ನೂ ಕೊಟ್ಟಿದೆ. ಇವೆರಡು ಒಟ್ಟಿಗೆ ಹೇಗೆ ನಿಲ್ಲುತ್ತವೆ? ಕರುಣೆ ಎಂಬುದು ಬರಿಯ ಉಪದೇಶವೇ?

ಉತ್ತರ: ನಿಮ್ಮ ಸಂದೇಹ ನ್ಯಾಯವಾದುದು, ಅದಕ್ಕೆ ಹಾರಿಕೆಯ ಉತ್ತರ ಸಲ್ಲದು. ಭೂಮಿಯಲ್ಲಿ ಚಲಿಸುವ ಪ್ರಾಣಿಗಳೂ ಎರಡು ರೆಕ್ಕೆಗಳಿಂದ ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳು ಎಂದು ಪವಿತ್ರ ಕುರ್‌ಆನಿನ ಅಲ್ ಅನ್‌ಆಮ್ ಅಧ್ಯಾಯದ 38ನೆಯ ವಚನ ಹೇಳುತ್ತದೆ. ಅಲ್ಲಿ ಬಂದಿರುವ ‘ಉಮಮ್’ ಎಂಬುದು ‘ಉಮ್ಮತ್’ ಪದದ ಬಹುವಚನ. ಪ್ರವಾದಿಯವರ ಅನುಯಾಯಿಗಳನ್ನು ಯಾವ ಪದದಿಂದ ಕರೆಯುತ್ತೇವೆಯೋ ಅದೇ ಪದ ಇರುವೆಗಳಿಗೂ ಸಲ್ಲುತ್ತದೆ. ಹಿಂದಿನ ಕಾಲದ ಪ್ರವಾದಿಯೊಬ್ಬರು ಇರುವೆಯೊಂದು ತಮ್ಮನ್ನು ಕಚ್ಚಿತೆಂದು ಇಡೀ ಗೂಡನ್ನು ಸುಡಿಸಿದಾಗ, ಕಚ್ಚಿದ್ದು ಒಂದು ಇರುವೆ, ನೀವು ಸುಟ್ಟದ್ದು ಅಲ್ಲಾಹನ ಸ್ತುತಿ ಮಾಡುವ ಒಂದು ಸಮುದಾಯವನ್ನು ಎಂಬ ಆಕ್ಷೇಪ ಅವರಿಗೆ ಬಂದಿತೆಂದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ (ಪ್ರವಾದಿಯವರ ನುಡಿ-ನಡೆಗಳ ವರದಿ) ಸಂಗ್ರಹಗಳೆರಡರಲ್ಲೂ ಇದೆ.

ಹೀಗೆ ಕಾಣುವ ಧರ್ಮವು ಕೊಯ್ಯಲು ಅನುಮತಿ ಕೊಟ್ಟಾಗ ಆ ಅನುಮತಿ ಷರತ್ತಿನದಾಗಿಯೇ ಇರುತ್ತದೆ. ಝಬಹ್ ಮಾಡುವಾಗ, ಅಂದರೆ ಪ್ರಾಣಿಯನ್ನು ಕೊಯ್ಯುವಾಗ, ಅಲ್ಲಾಹನ ನಾಮ ಉಚ್ಚರಿಸುವುದನ್ನು ನಮ್ಮಲ್ಲಿ ಅನೇಕರು ಬರಿಯ ವಿಧಿಯೆಂದು ಭಾವಿಸಿದ್ದಾರೆ. ಈ ಜೀವ ನನ್ನದಲ್ಲ, ಇದನ್ನು ಕೊಟ್ಟವನ ಅಪ್ಪಣೆಯಿಲ್ಲದೆ ತೆಗೆಯುವ ಅಧಿಕಾರ ನನಗಿಲ್ಲ ಎಂಬ ಒಪ್ಪಿಗೆಯೇ ಆ ಉಚ್ಚಾರಣೆಯಲ್ಲಿದೆ ಎಂಬುದು ನನ್ನ ತಿಳಿವಳಿಕೆ. ಆದ್ದರಿಂದಲೇ ಮೋಜಿಗಾಗಿ ಕೊಲ್ಲಲು ಅವಕಾಶವಿಲ್ಲ. ಕೋಳಿಯೊಂದನ್ನು ಕಟ್ಟಿಹಾಕಿ ಬಾಣದ ಗುರಿಯಾಗಿಸಿಕೊಂಡಿದ್ದ ಹುಡುಗರನ್ನು ಕಂಡ ಪ್ರವಾದಿಯವರ ಸಂಗಾತಿ ಇಬ್ನು ಉಮರ್(ರ), ಜೀವವಿರುವುದನ್ನು ಗುರಿಯಾಗಿಸಿದವರನ್ನು ಪ್ರವಾದಿ(ಸ) ಶಪಿಸಿದ್ದಾರೆಂದು ತಿಳಿಸಿದರು. ಕುರ್ಬಾನಿಯ ಪ್ರಾಣಿಗಳ ಮಾಂಸವಾಗಲಿ ರಕ್ತವಾಗಲಿ ಅಲ್ಲಾಹನನ್ನು ತಲಪುವುದಿಲ್ಲ, ನಿಮ್ಮ ಧರ್ಮನಿಷ್ಠೆಯಷ್ಟೇ ಅವನನ್ನು ತಲಪುತ್ತದೆ ಎಂದು ಅಲ್ ಹಜ್ಜ್ ಅಧ್ಯಾಯದ 37ನೆಯ ವಚನವೂ ಸ್ಪಷ್ಟಪಡಿಸಿದೆ.

ಶದ್ದಾದ್ ಬಿನ್ ಔಸ್(ರ) ವರದಿ ಮಾಡಿದ, ಸಹೀಹ್ ಮುಸ್ಲಿಮ್‌ನಲ್ಲಿರುವ ಹದೀಸನ್ನು ಈ ವಿಷಯದಲ್ಲಿ ಎಲ್ಲರೂ ಉಲ್ಲೇಖಿಸುತ್ತಾರೆ. ಕೊಯ್ಯುವಾಗ ಒಳ್ಳೆಯ ರೀತಿಯಲ್ಲಿ ಕೊಯ್ಯಿರಿ, ಚೂರಿಯನ್ನು ಹರಿತಗೊಳಿಸಿರಿ, ಪ್ರಾಣಿಗೆ ನೆಮ್ಮದಿ ಕೊಡಿರಿ ಎಂಬ ಮಾತುಗಳು ಅದರಲ್ಲಿವೆ. ಆದರೆ ಹದೀಸಿನ ಆರಂಭದ ವಾಕ್ಯವನ್ನು ನಾವು ಅವಸರದಲ್ಲಿ ದಾಟಿಬಿಡುತ್ತೇವೆ: ‘ಅಲ್ಲಾಹನು ಪ್ರತಿಯೊಂದು ವಿಷಯದಲ್ಲೂ ಇಹ್ಸಾನನ್ನು ವಿಧಿಸಿದ್ದಾನೆ.’ ಇಹ್ಸಾನ್ ಎಂದರೆ ಒಂದು ಕೆಲಸವನ್ನು ಅದು ಆಗಬೇಕಾದ ಅತ್ಯುತ್ತಮ ರೀತಿಯಲ್ಲಿ, ಒಳಿತಿನ ಮನಸ್ಸಿನಿಂದ ಮಾಡುವುದು. ಪ್ರತಿಯೊಂದು ವಿಷಯದಲ್ಲೂ ಎಂದ ಮೇಲೆ ಅದು ಚೂರಿಯ ಅಲುಗಿನ ಬಳಿಯಷ್ಟೇ ಏಕೆ ಶುರುವಾಗಬೇಕು? ಪ್ರಾಣಿ ಹುಟ್ಟಿದ ದಿನದಿಂದ ಅದಕ್ಕೆ ಸಿಕ್ಕಿದ ಜಾಗ, ಮೇವು, ನೀರು, ಅದನ್ನು ಸಾಗಿಸಿದ ವಾಹನ ಎಲ್ಲವೂ ಆ ಮಾತಿನ ವ್ಯಾಪ್ತಿಗೆ ಬರುತ್ತವೆ. ರೆಕ್ಕೆ ಬಿಡಿಸಲೂ ಜಾಗವಿಲ್ಲದ ಪಂಜರದಲ್ಲಿ ಆಯುಷ್ಯವೆಲ್ಲ ಕಳೆದ ಕೋಳಿಯನ್ನು ಕೊನೆಯ ಗಳಿಗೆಯಲ್ಲಿ ಬಿಸ್ಮಿಲ್ಲಾಹ್ ಹೇಳಿ ಕೊಯ್ದರೆ ಮಾಂಸ ಹಲಾಲ್ ಆಗಬಹುದು. ಸಾಕಿದವನು ತನ್ನ ಕರ್ತವ್ಯದಿಂದ ಮುಕ್ತನಾದನೆಂದು ಮಾತ್ರ ನಾನು ಹೇಳಲಾರೆ. ನಿಮ್ಮ ಪ್ರಶ್ನೆಯ ಮೊನೆ ತಾಗಬೇಕಾದುದು ಧರ್ಮದ ವಿಧಿಗಲ್ಲ, ವಿಧಿಯ ಅರ್ಧವನ್ನಷ್ಟೇ ಪಾಲಿಸುವ ನಮಗೆ.

ಪ್ರಶ್ನೆ: ವರ್ಷಗಟ್ಟಲೆ ಹೊರೆ ಹೊತ್ತ ಕತ್ತೆ ಮುದಿಯಾಗಿ ಕೆಲಸಕ್ಕೆ ಬಾರದಾದರೆ ಅದನ್ನು ಬೀದಿಗೆ ಬಿಟ್ಟುಬಿಡಬಹುದೇ? ಅದರ ಮಾಂಸ ತಿನ್ನಲು ಬಾರದು, ಮಾರಿದರೆ ಕೊಳ್ಳುವವರಿಲ್ಲ.

ಉತ್ತರ: ಬಿಡಬಾರದು. ಈ ಪ್ರಶ್ನೆಗೆ ಸುಮಾರು ಎಂಟು ಶತಮಾನಗಳ ಹಿಂದೆಯೇ ನೇರವಾದ ಉತ್ತರ ದೊರಕಿದೆ. 1262ರಲ್ಲಿ ನಿಧನರಾದ ಶಾಫಿಈ ಪಂಥದ ವಿದ್ವಾಂಸ ಇಝ್ಝುದ್ದೀನ್ ಬಿನ್ ಅಬ್ದಿಸ್ಸಲಾಮ್ ಅವರು ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ವಿವರಿಸುವಾಗ ಮೊದಲಿಗೇ ಹೇಳಿದ್ದು ಅವುಗಳ ಪೋಷಣೆಯ ಖರ್ಚನ್ನು; ಪ್ರಾಣಿಯು ಮುಪ್ಪಿನಿಂದಲೋ ರೋಗದಿಂದಲೋ ಯಾವ ಪ್ರಯೋಜನಕ್ಕೂ ಬಾರದಂತಾದರೂ ಆ ಖರ್ಚು ತಪ್ಪದು ಎಂದು ಅವರು ಬಿಡಿಸಿ ಹೇಳಿದ್ದಾರೆ. ಶಕ್ತಿ ಮೀರಿ ಹೊರಿಸಬಾರದು, ಇರಿದು ಗಾಯಗೊಳಿಸುವ ಪ್ರಾಣಿಗಳ ಜೊತೆ ಕೂಡಿಹಾಕಬಾರದು, ಮರಿಯನ್ನು ತಾಯಿಯ ಕಣ್ಣೆದುರು ಕೊಯ್ಯಬಾರದು ಎಂಬುವೂ ಆ ಹಕ್ಕುಗಳಲ್ಲಿ ಸೇರಿವೆ. ಅವರು ಬಳಸಿದ್ದು ‘ಹಕ್ಕು’ ಎಂಬ ಪದವನ್ನೇ. ದಯೆ ತೋರಿದರೆ ಪುಣ್ಯ ಎನ್ನುವುದಕ್ಕೂ ಕೊಡದಿದ್ದರೆ ಬಾಕಿ ಉಳಿಯುತ್ತದೆ ಎನ್ನುವುದಕ್ಕೂ ಬಹಳ ಅಂತರವಿದೆ.

ಮೇವು ಹಾಕದ ಒಡೆಯನನ್ನು ನ್ಯಾಯಾಧೀಶರು ಬಲವಂತಪಡಿಸಬಹುದೆಂದು ಹೆಚ್ಚಿನ ಮದ್‌ಹಬ್‌ಗಳ (ಇಸ್ಲಾಮೀ ಕಾನೂನಿನ ಪಂಥಗಳ) ಅಭಿಪ್ರಾಯ. ಇದು ಒಡೆಯನಿಗೂ ಅಲ್ಲಾಹನಿಗೂ ನಡುವಿನ ಕಡ್ಡಾಯ ಕರ್ತವ್ಯ, ನ್ಯಾಯಾಲಯದ ಬಲವಂತಕ್ಕೆ ಒಳಪಡುವಂಥದಲ್ಲ ಎಂಬುದು ಹನಫೀ ಪಂಥದವರಲ್ಲಿ ಪ್ರಚಲಿತವಾದ ನಿಲುವು. ಭಿನ್ನಾಭಿಪ್ರಾಯವಿರುವುದು ಬಲವಂತಪಡಿಸುವ ಅಧಿಕಾರದ ಬಗ್ಗೆಯೇ ಹೊರತು ಕರ್ತವ್ಯದ ಬಗ್ಗೆ ಅಲ್ಲ.

ಅಬೂದಾವೂದ್ ಸಂಗ್ರಹದಲ್ಲಿ ಒಂದು ಪ್ರಸಂಗವಿದೆ. ಪ್ರವಾದಿ(ಸ) ಮದೀನದ ಅನುಯಾಯಿಯಾದ ಅನ್ಸಾರಿಯೊಬ್ಬರ ತೋಟವನ್ನು ಪ್ರವೇಶಿಸಿದಾಗ ಅಲ್ಲಿದ್ದ ಒಂಟೆ ಅವರನ್ನು ಕಂಡು ನರಳಿತು, ಅದರ ಕಣ್ಣುಗಳಲ್ಲಿ ನೀರು ಸುರಿಯಿತು. ಅವರು ಹತ್ತಿರ ಹೋಗಿ ಕಿವಿಯ ಹಿಂಭಾಗವನ್ನು ಸವರಿದಾಗ ಅದು ಸುಮ್ಮನಾಯಿತು. ಬಳಿಕ ಒಡೆಯನನ್ನು ಕರೆಸಿ, ಅಲ್ಲಾಹನು ನಿನ್ನ ಒಡೆತನಕ್ಕೆ ಕೊಟ್ಟ ಈ ಪ್ರಾಣಿಯ ವಿಷಯದಲ್ಲಿ ನಿನಗೆ ಅವನ ಭಯವಿಲ್ಲವೇ, ನೀನು ಹಸಿವಿನಲ್ಲಿಟ್ಟು ದುಡಿಸಿ ದಣಿಸುತ್ತೀಯೆಂದು ಇದು ನನ್ನಲ್ಲಿ ದೂರುತ್ತಿದೆ ಎಂದರು. ಅಲ್ಲಿ ಒಡೆಯನನ್ನು ಬಿಟ್ಟು ಮೊದಲು ಒಂಟೆಯ ಬಳಿಗೆ ಹೋದರೆಂಬುದನ್ನು ಓದಿದಾಗಲೆಲ್ಲ ನನ್ನ ಮನಸ್ಸು ಕರಗುತ್ತದೆ. ನಿಮ್ಮ ಕತ್ತೆಗೂ ಅಂಥ ಒಂದು ದೂರು ಇರದಂತೆ ನೋಡಿಕೊಳ್ಳಿ. ನೀವೇ ಸಾಕಲಾಗದಿದ್ದರೆ ಕೊನೆಯವರೆಗೂ ಸಾಕುವವರಿಗೆ ಒಪ್ಪಿಸುವುದು ನಿಮ್ಮ ಹೊಣೆ.

ಪ್ರಶ್ನೆ: ನಾಯಿ ನಜಸ್ (ಅಶುದ್ಧ) ಎಂದು ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಬೀದಿಯ ನಾಯಿಯನ್ನು ಕಂಡರೆ ಕಲ್ಲೆಸೆದು ಓಡಿಸುವುದು ತಪ್ಪೇ?

ಉತ್ತರ: ತಪ್ಪು. ನಾಯಿಯ ಶುದ್ಧಾಶುದ್ಧತೆಯ ಪ್ರಶ್ನೆ ನಮ್ಮ ಪಾತ್ರೆಗೆ, ಬಟ್ಟೆಗೆ, ನಮಾಝಿಗೆ ಸಂಬಂಧಿಸಿದ್ದು. ಅದರಲ್ಲಿಯೂ ಮದ್‌ಹಬ್‌ಗಳ ನಡುವೆ ಒಮ್ಮತವಿಲ್ಲ: ಶಾಫಿಈಗಳು ಇಡೀ ಪ್ರಾಣಿಯನ್ನು ನಜಸ್ ಎಂದರೆ, ಮಾಲಿಕೀಗಳು ಜೀವವಿರುವ ನಾಯಿಯನ್ನು ಶುದ್ಧವೆಂದೇ ಪರಿಗಣಿಸುತ್ತಾರೆ. ನೀವು ಯಾವುದನ್ನು ಅನುಸರಿಸಿದರೂ ಅದು ತೊಳೆದುಕೊಳ್ಳುವ ನಿಯಮವೇ ಹೊರತು ಹೊಡೆಯುವ ಪರವಾನಗಿಯಲ್ಲ. ಬೇಟೆಗೆ, ಹಿಂಡಿಗೆ, ಹೊಲದ ಕಾವಲಿಗೆ ನಾಯಿ ಸಾಕಲು ಹದೀಸಿನಲ್ಲಿಯೇ ಅನುಮತಿಯಿದೆ. ಗುಹೆಯಲ್ಲಿ ಮಲಗಿದ್ದ ವಿಶ್ವಾಸಿಗಳ ಜೊತೆಯಲ್ಲಿ ಹೊಸ್ತಿಲ ಬಳಿ ಮುಂಗಾಲು ಚಾಚಿ ಮಲಗಿದ್ದ ನಾಯಿಯನ್ನು ಕುರ್‌ಆನ್ ಅಲ್ ಕಹ್ಫ್ ಅಧ್ಯಾಯದಲ್ಲಿ ಉಲ್ಲೇಖಿಸಿದೆ.

ಬಾಯಾರಿ ಒದ್ದೆ ಮಣ್ಣು ನೆಕ್ಕುತ್ತಿದ್ದ ನಾಯಿಯನ್ನು ಕಂಡು, ಬಾವಿಗಿಳಿದು, ತನ್ನ ಪಾದರಕ್ಷೆಯಲ್ಲಿ ನೀರು ತುಂಬಿ, ಅದನ್ನು ಬಾಯಲ್ಲಿ ಕಚ್ಚಿಕೊಂಡು ಮೇಲೇರಿ ಬಂದು ಕುಡಿಸಿದವನ ಪಾಪಗಳು ಕ್ಷಮಿಸಲ್ಪಟ್ಟವು. ಪ್ರಾಣಿಗಳ ವಿಷಯದಲ್ಲಿಯೂ ನಮಗೆ ಪ್ರತಿಫಲವಿದೆಯೇ ಎಂದು ಸಹಾಬಿಗಳು (ಪ್ರವಾದಿಯವರ ಸಂಗಾತಿಗಳು) ಕೇಳಿದಾಗ, ಹಸಿ ಯಕೃತ್ತಿರುವ, ಅಂದರೆ ಉಸಿರಿರುವ, ಪ್ರತಿಯೊಂದು ಜೀವಿಯ ವಿಷಯದಲ್ಲಿಯೂ ಇದೆ ಎಂದು ಪ್ರವಾದಿ(ಸ) ಉತ್ತರಿಸಿದರು. ಬೆಕ್ಕೊಂದನ್ನು ಕೂಡಿಹಾಕಿ, ತಾನೂ ಉಣಿಸದೆ, ನೆಲದ ಹುಳಹುಪ್ಪಟೆಯನ್ನಾದರೂ ತಿನ್ನಲು ಹೊರಗೆ ಬಿಡದೆ ಸಾಯಿಸಿದ ಹೆಂಗಸು ನರಕಕ್ಕೆ ಗುರಿಯಾದಳೆಂದು ತಿಳಿಸಿದವರೂ ಅವರೇ. ಅಶುದ್ಧವೆಂದು ನೀವು ಕಲ್ಲೆತ್ತುವ ಪ್ರಾಣಿ ನೀರು ಕುಡಿದದ್ದು ಆ ಮನುಷ್ಯನ ಬಾಯಿಂದ ಬಂದ ಪಾದರಕ್ಷೆಯಲ್ಲಿ.